ಎತ್ತಬಾರದ ಫೋನು

ಮಕ್ಕಳೇ, "ಅಜ್ಜಿ, ಆ ಡಾಕ್ಟರ್ ಹತ್ರ ಒಳಗೆ ಹೋಗಿ ಎಂತ ಮಾಡಿದ್ದು?" ಎಂದು ನೀವು ಕೇಳಿದಾಗ ನಾನು ಉತ್ತರ ಕೊಡದೆ ಅಡುಗೆಮನೆಗೆ ಹೋಗಿಬಿಟ್ಟೆ. ಬಾಯಿಬಿಟ್ಟು ಹೇಳಲು ಈಗಲೂ ನಾಚಿಕೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು ಇದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ. ನಿಮಗೆ ಓದಲು ಬರದಿದ್ದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ.

ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಮ್ಮ ನನ್ನನ್ನು ಈ ಅರಬರ ದೇಶಕ್ಕೆ, ಅಲ್ ನಹ್ದಾದ ಈ ಮನೆಗೆ ಕರೆಸಿಕೊಂಡಳು. ಅವಳಿಗೂ ನಿಮ್ಮ ಅಪ್ಪನಿಗೂ ಸಂಜೆಯವರೆಗೆ ಕೆಲಸ. ಮಧ್ಯಾಹ್ನ ನಿಮ್ಮಲ್ಲಿ ಸಣ್ಣವಳನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂತು. ಬಸ್ಸು ಕೆಳಗೆ ಬಂದರೆ ಬಸ್ಸಿನ ಆಯಾ ಫೋನ್ ಮಾಡುತ್ತಾಳೆ, ನಾನು ಲಿಫ್ಟಿನಲ್ಲಿ ಇಳಿಯಬೇಕು. ಅಷ್ಟೇ. ಆದರೆ ಫೋನ್ ಹೊಡೆದರೆ ನನಗೆ ಹೆದರಿಕೆಯಾಗುತ್ತಿತ್ತು. ಅದಕ್ಕೇ ನಾನು ಯಾವಾಗಲೂ ಮೊದಲೇ ಹೋಗಿ ಕೆಳಗೆ ನಿಂತಿರುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಬಸ್ಸು ಬೇಗ ಬಂತು. ಮೇಜಿನ ಮೇಲೆ ಫೋನು ಹೊಡೆಯುತ್ತಲೇ ಇತ್ತು. ನಾನು ಅದರ ಎದುರೇ ನಿಂತಿದ್ದೆ, ಎತ್ತಲು ಆಗಲಿಲ್ಲ. ಇಳಿಸಿಕೊಳ್ಳಲು ದೊಡ್ಡವರು ಇಲ್ಲದಿದ್ದರೆ ಮಗುವನ್ನು ಬಿಡುವ ಹಾಗಿಲ್ಲವಂತೆ. ಸಣ್ಣವಳನ್ನು ಶಾಲೆಗೇ ವಾಪಸು ಕೊಂಡುಹೋದರು.

ಸಂಜೆ ನಿಮ್ಮ ಅಮ್ಮ ಬಯ್ಯಲಿಲ್ಲ. "ಫೋನ್ ಸೈಲೆಂಟ್ ಇತ್ತಾ ಅಮ್ಮಾ?" ಎಂದಳು.

"ಇಲ್ಲ."

"ಮತ್ತೆ?"

"ಎತ್ತಲಿಕ್ಕೆ ಆಗ್ಲಿಲ್ಲ. ನಾನು ಊರಿಗೆ ಹೋಗ್ತೇನೆ. ಮಗುವನ್ನು ನನ್ನ ಕೈಯಲ್ಲಿ ಬಿಡಬೇಡ."

"ಊರಲ್ಲಿ ಎಂತ, ಫೋನ್ ಹೊಡಿಯುದಿಲ್ವಾ?" ಎಂದವಳು ಆಮೇಲೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಮನಸ್ಸಿನ ವಿಷಯಕ್ಕೆ ಮಾತಾಡಿಸುವವರು ಒಬ್ಬರಿದ್ದಾರೆ, ಕನ್ನಡ ಬರುತ್ತದೆ ಎಂದು ಅವಳೇ ಹುಡುಕಿದಳು. ನನಗೆ ಹುಚ್ಚು ಎಂದು ಬರೆದುಕೊಟ್ಟರೆ ಏನು ಗತಿ ಎಂದು ಒಳಗೊಳಗೇ ಹೆದರಿದೆ. ಬಿಪಿಯ ಚೀಟಿಗಳು, ಹಳೆಯ ಎಕ್ಸ್‌ರೇ ಎಲ್ಲವನ್ನೂ ಬಟ್ಟೆಯ ಚೀಲಕ್ಕೆ ತುಂಬಿಕೊಂಡೆ. ನಿಮ್ಮ ಅಪ್ಪ ಕಾರು ಬಿಡುತ್ತಾ ನಕ್ಕರು. "ಅತ್ತೆ, ಅಲ್ಲಿ ಮಾತಾಡ್ಲಿಕ್ಕೆ ಮಾತ್ರ ಇರುದು. ನಿಮಗೆ ಅದು ಇಂಜೆಕ್ಷನಿಗಿಂತ ಕಷ್ಟ, ನನಗೆ ಗೊತ್ತುಂಟು."

ಕೋಣೆ ಆಸ್ಪತ್ರೆಯ ಹಾಗಿರಲಿಲ್ಲ. ಎರಡು ಕುರ್ಚಿ, ಒಂದು ಗಿಡ, ಗಡಿಯಾರ, ಟಿಶ್ಯೂವಿನ ಡಬ್ಬಿ. ಆಕೆ ನಿಮ್ಮ ಅಮ್ಮನಿಗಿಂತ ಸ್ವಲ್ಪ ದೊಡ್ಡವರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಕೂತ ಕೂಡಲೇ ನಾನು, ನಮ್ಮ ಕಡೆಯ ಅಭ್ಯಾಸ, "ನಿಮ್ಮದು ಯಾವ ಊರು?" ಎಂದು ಕೇಳಿದೆ. ಕೇಳಬಾರದಿತ್ತು. ನಮ್ಮೂರಿನಿಂದ ಮೂರನೇ ಬಸ್‌ಸ್ಟಾಪು! ಮುಗಿಯಿತು, ಇನ್ನು ಊರಿಗೆಲ್ಲ ಸುದ್ದಿ ಎಂದುಕೊಂಡೆ.

ಅವರಿಗೆ ನನ್ನ ಮುಖ ನೋಡಿಯೇ ತಿಳಿಯಿತೇನೋ. "ಇಲ್ಲಿ ಹೇಳಿದ್ದು ಇಲ್ಲೇ ಅಮ್ಮಾ. ನಿಮ್ಮ ಮಗಳು ಕೇಳಿದ್ರೂ ಹೇಳುದಿಲ್ಲ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅಂತ ಕಂಡ್ರೆ ಮಾತ್ರ ಹೇಳ್ಬೇಕಾಗ್ತದೆ. ನಿಮಗೆ ಎಂತಾದ್ರೂ ಕೇಳ್ಲಿಕ್ಕೆ ಉಂಟಾ?"

"ರಕ್ತ ಯಾವಾಗ ತೆಗಿಯುದು? ಬೆಳಿಗ್ಗೆಯಿಂದ ನೀರು ಸಹ ಕುಡಿಲಿಲ್ಲ."

"ಅಯ್ಯೋ ದೇವರೇ!" ಎಂದು ಆಕೆ ಎದ್ದು ಡ್ರಾಯರಿನಿಂದ ಬಿಸ್ಕತ್ತಿನ ಪ್ಯಾಕೆಟ್ ತೆಗೆದರು, ಚಹಾ ತರಿಸಿದರು. ಮೊದಲ ಹತ್ತು ನಿಮಿಷ ನಾನು ತಿಂದದ್ದೇ ಆಯಿತು. ಆಕೆಯೂ ಒಂದು ಬಿಸ್ಕತ್ತು ತಿಂದರು. ಅವಸರ ಮಾಡಲಿಲ್ಲ.

ಆಮೇಲೆ ಫೋನಿನ ವಿಷಯ ಕೇಳಿದರು. ಅದನ್ನು ಹೇಳಬೇಕಾದರೆ ಮೊದಲು ಅಜ್ಜನ ರಿಂಗಿನ ವಿಷಯ ಹೇಳಬೇಕು.

ಅಜ್ಜ ಇದೇ ದೇಶದ ಮುಸಫ್ಫಾದಲ್ಲಿ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಕೆಲಸಕ್ಕಿದ್ದರು. ನಾನು ಊರಿನಲ್ಲಿ. ಎರಡು ವರ್ಷಕ್ಕೊಮ್ಮೆ ರಜೆ. ದಿನಾ ಸಂಜೆ ಕಂಪನಿಯ ಬಸ್ಸಿಳಿದು ರೂಮಿಗೆ ಬಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ಎರಡು ರಿಂಗು, ಕಟ್. "ಬಂದು ಮುಟ್ಟಿದೆ" ಎಂದರ್ಥ. ನಾನು ಎತ್ತಬಾರದು, ಎತ್ತಿದರೆ ದುಡ್ಡು ಹೋಗುತ್ತದೆ. ಒಂದು ರಿಂಗು ವಾಪಸು ಕೊಡಬೇಕು. "ಕೇಳಿತು" ಎಂದರ್ಥ. ಶುಕ್ರವಾರ ಮಾತ್ರ ಮಾತು. ಮೊದಮೊದಲು ಒಮ್ಮೆ ಆಸೆಯಿಂದ ಎತ್ತಿಬಿಟ್ಟಿದ್ದೆ. "ಎತ್ತಬೇಡ ಅಂತ ಹೇಳಿದ್ದೆ ಅಲ್ವಾ ಮಾರಾಯ್ತಿ!" ಎಂದು ಬಯ್ದರು. ಆ ಬೈಗುಳ ಕೇಳಿಯೇ ಎರಡು ದಿನ ಖುಷಿಯಲ್ಲಿದ್ದೆ. ನಂತರ ಎಷ್ಟು ವರ್ಷವಾದರೂ ಎತ್ತಲಿಲ್ಲ.

ಆ ದಿನ ಬಂಗುಡೆ ಮೀನು ಶುದ್ಧ ಮಾಡುತ್ತಿದ್ದೆ. ಫೋನ್ ಹೊಡೆಯಿತು. ಎರಡು, ಮೂರು, ನಾಲ್ಕು, ಐದು. ಈ ಮುದುಕನಿಗೆ ಕಟ್ ಮಾಡಲಿಕ್ಕೆ ಮರೆತುಹೋಗಿದೆ ಎಂದು ನಕ್ಕೆ, ಮಕ್ಕಳೇ. ನಕ್ಕೆ. ರಿಂಗು ನಿಂತ ಮೇಲೆ ಕೈ ತೊಳೆದು, ಯಾವಾಗಿನ ಹಾಗೆ ಒಂದು ರಿಂಗು ವಾಪಸು ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಫೋನ್ ಬಂತು, ಅವರ ರೂಮಿನಲ್ಲಿದ್ದ ನಮ್ಮ ಕಡೆಯ ಬ್ಯಾರಿ ಸಾಹೇಬರ ನಂಬರಿನಿಂದ. ಎದೆನೋವು ಬಂತು, ಆಸ್ಪತ್ರೆಗೆ ಕೊಂಡುಹೋಗುವಾಗ ದಾರಿಯಲ್ಲೇ ಜೀವ ಹೋಯಿತು ಎಂದು ಅಳುತ್ತಾ ಹೇಳಿದರು.

"ಎತ್ತಿದ್ರೆ ಒಂದು ಮಾತು ಕೇಳ್ತಿತ್ತು. ಕಡೆಗೆ ಎಂತ ಹೇಳ್ಲಿಕ್ಕೆ ಇತ್ತೋ ಅವರಿಗೆ," ಎಂದೆ. ಯಾರಿಗೂ ಹೇಳದ ಮಾತು. ನಿಮ್ಮ ಅಮ್ಮನಿಗೂ ಹೇಳಿರಲಿಲ್ಲ.

ನಿಮ್ಮದು ತಪ್ಪಲ್ಲ, ದೈವೇಚ್ಛೆ ಎಂದು ಆಕೆ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. "ನೀವು ಒಂದು ರಿಂಗ್ ವಾಪಸ್ ಕೊಟ್ರಲ್ಲ ಅಮ್ಮಾ," ಎಂದರು.

"ಹೌದು."

"ಅದಕ್ಕೆ ನಿಮ್ಮಿಬ್ಬರ ಲೆಕ್ಕದಲ್ಲಿ ಎಂತ ಅರ್ಥ?"

"ಕೇಳಿತು ಅಂತ."

ಅಷ್ಟು ಹೇಳಿದ್ದೇ ತಡ, ಊರಿನಲ್ಲಿ ಹದಿಮೂರನೆಯ ದಿನವೂ ಬಾರದಿದ್ದ ಅಳು ಬಂತು. ಆ ರಿಂಗು ಅವರ ಕಿವಿಗೆ ಬಿತ್ತೋ ಇಲ್ಲವೋ ನನಗೆ ತಿಳಿಯದು. ಆಕೆಗೂ ತಿಳಿಯದು, ತಿಳಿದವರ ಹಾಗೆ ಮಾತಾಡಲೂ ಇಲ್ಲ. ಟಿಶ್ಯೂ ಡಬ್ಬಿಯನ್ನು ಹತ್ತಿರ ಸರಿಸಿದರು. ನಾನು ಸೆರಗಿನಲ್ಲೇ ಒರೆಸಿಕೊಂಡೆ.

ಮದ್ದು ಕೊಡಲಿಲ್ಲ. ಬರುವ ವಾರವೂ ಬರ್ತೀರಾ ಎಂದು ಕೇಳಿದರು. ಹೊರಗೆ ನಿಮ್ಮ ಅಮ್ಮ ನನ್ನ ಕೆಂಪು ಕಣ್ಣು ನೋಡಿ ಗಾಬರಿಯಾದಳು. "ಎಂತ ಮಾಡಿದ್ರು ಅಮ್ಮಾ?"

"ಬಿಸ್ಕತ್ತು ಕೊಟ್ರು," ಎಂದೆ.

ಒಂದೇ ಸಲಕ್ಕೆ ಸರಿಯಾಗಲಿಲ್ಲ, ಮಕ್ಕಳೇ. ಇನ್ನೂ ಮೂರು ವಾರ ನಾನು ಬಿಸಿಲಿನಲ್ಲಿ ಅರ್ಧ ಗಂಟೆ ಮೊದಲೇ ಹೋಗಿ ನಿಂತೆ. ಎರಡನೆಯ ಸಲ ಆಕೆಯ ಎದುರು ಬರೇ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಮೂರನೆಯ ಸಲ ಆಕೆ ತಾವೇ ಅದಕ್ಕೆ ಕರೆ ಮಾಡಿದರು, ನಾನು ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿ ಏನೂ ಮಾತಾಡಲಿಲ್ಲ. ಅಷ್ಟಕ್ಕೇ ಆಕೆ ಚಪ್ಪಾಳೆ ತಟ್ಟಿದರು.

ಮತ್ತೊಮ್ಮೆ ಬಸ್ಸು ಬೇಗ ಬಂತು. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಒಂದು ರಿಂಗು. ಎರಡು. ಮೂರನೆಯದು ಶುರುವಾದಾಗ ಕೈಯಲ್ಲಿದ್ದ ಬಟ್ಟೆ ಬಿಟ್ಟು ಎತ್ತಿದೆ.

"ಯಲ್ಲಾ ಆಂಟೀ, ನೀಚೆ ಆವೋ, ಬಸ್ ಆ ಗಯಾ!" ಎಂದು ಆಯಾ ಕೆಳಗೆ ಕರೆದಳು.

"ಬಂದೆ, ಬಂದೆ," ಎಂದು ಕನ್ನಡದಲ್ಲೇ ಕೂಗಿ ಲಿಫ್ಟಿಗೆ ಓಡಿದೆ. ಸಣ್ಣವಳು ಬಸ್ಸಿನ ಮೆಟ್ಟಿಲಿಳಿದು ನನ್ನ ಕೈಗೆ ಬ್ಯಾಗು ಕೊಟ್ಟು ಮೇಲೆ ನೋಡಿದಳು.

"ಅಜ್ಜಿ, ವೈ ಆರ್ ಯೂ ಸ್ಟಿಲ್ ಆನ್ ದಿ ಫೋನ್?"

ನಾನು ಇನ್ನೂ ಅದನ್ನು ಕಿವಿಗೇ ಒತ್ತಿಕೊಂಡಿದ್ದೆ.