ಕಾಲು ಮುಂದಾಗಿ ಹುಟ್ಟಿದವನ ಪ್ರಚಾರ

ವಿಜಯನಗರದಲ್ಲಿ ಬೆನ್ನುಮೂಳೆ ಸರಿಮಾಡುವ ಕೈರೋಪ್ರಾಕ್ಟಿಕ್ ಕ್ಲಿನಿಕ್ಕಿಗೆ ಜನರನ್ನು ಕರೆತರುವುದು ನನ್ನ ಕೆಲಸ. ಈ ವಾರ ಹೊಸ ಪೇಶೆಂಟ್ ಬರದಿದ್ದರೆ ಊರಿಗೆ ಹೊರಡು ಅಂದಿದ್ದರು ಡಾಕ್ಟರು. ನಾನು ಬಿಡೋನಾ? ಪಾರ್ಕಿನಲ್ಲಿ ಸೊಂಟ ಹಿಡಿದು ಕೂತಿದ್ದ ಆಂಟಿಗೆ ಪಾಂಪ್ಲೆಟ್ ಕೊಟ್ಟೆ.

"ಉಳುಕಿಗೆ ಡಾಕ್ಟ್ರು ಯಾಕಪ್ಪಾ? ಕಾಲು ಮುಂದಾಗಿ ಹುಟ್ಟಿದೋರು ಮೆಲ್ಲಗೆ ಒದ್ರೆ ಹೋಗುತ್ತೆ. ನಮ್ಮ ಬೀದೀಲಿ ಅಂಥೋರೇ ಇಲ್ಲ."

"ಆಂಟಿ, ನಾನೇ ಕಾಲು ಮುಂದಾಗಿ ಹುಟ್ಟಿರೋನು! ಊರಲ್ಲಿ ಅರ್ಧ ಜನರ ಸೊಂಟ ನಾನೇ ಒದ್ದಿರೋದು. ಮೊದಲು ಡಾಕ್ಟ್ರಿಗೆ ತೋರಿಸಿ, ಆಮೇಲೆ ನನ್ನ ಒದೆ ಫ್ರೀ."

ಮರುದಿನ ಆಂಟಿ ಗೆಳತಿಯರನ್ನೂ ಕಟ್ಟಿಕೊಂಡು ಬಂದರು. ಒಳಗೆ ಡಾಕ್ಟರು ಮೂಳೆ ಲಟಕ್ ಅನ್ನಿಸಿದರು, ಹೊರಗೆ ನಾನು ಸೊಂಟಕ್ಕೆ ಕಾಲು ತಾಗಿಸಿದೆ. ನೋವು ಹೋಯ್ತು ಅಂತ ಎಲ್ಲರೂ ಕೈಮುಗಿದಿದ್ದು ನನಗೆ! ಅಷ್ಟರಲ್ಲಿ ಡಾಕ್ಟರು ಆಚೆ ಬಂದರು. ಕೆಲಸ ಹೋಯ್ತು ಅಂದುಕೊಂಡೆ. ಅವರು ತುಂಬಿದ ಬೆಂಚು ನೋಡಿ ಮೆಲ್ಲಗೆ ಹೇಳಿದರು: "ಶೂ ಬಿಚ್ಚಿ ಒದಿಯೋ, ಸೀರೆ ಕೊಳೆಯಾಗುತ್ತೆ."