ಅತ್ತೆ ತಿರುವಿನಲ್ಲಿ ಬ್ರೇಕ್ ಎಳೆದವನು

ನಮ್ಮ ಬೆರೆನ್‌ಗ್ರುಂಡ್‌ಗೆ ಬಂದು ಎಕಾರ್ಟ್ ಫಿಂಡೈಸನ್ ಮನೆ ಎಲ್ಲಿ ಎಂದು ಕೇಳಿ ನೋಡಿ, ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ‘ಬ್ರೇಕ್ ಎಕಾರ್ಟ್’ ಎನ್ನಿ, ಚಿಕ್ಕ ಮಕ್ಕಳೂ ಕೈ ಮಾಡಿ ತೋರಿಸುತ್ತಾರೆ. ತೋರಿಸುವಾಗ ಕಿಸಕ್ಕೆಂದು ನಗುತ್ತಾರೆ. ಆ ನಗು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಹೈಡ್ರುನ್, ಅವನ ಅಕ್ಕ. ಊರಿನ ಬೇಕರಿಯಲ್ಲಿ ರೊಟ್ಟಿ ಮಾರುತ್ತಾ ಮುದುಕಿಯಾದವಳು. ನನ್ನ ಬಾಯಿಗೆ ಹೆದರಿ ಈ ಮಾತನ್ನು ಯಾರೂ ನನ್ನೆದುರು ಆಡುವುದಿಲ್ಲ, ಬೆನ್ನ ಹಿಂದೆ ಆಡುತ್ತಾರೆ.

ಅವನ ಕಸುಬು ಛಾವಣಿಯದು. ಚರ್ಚಿನ ಗೋಪುರದ ತುದಿಗೆ ಸೊಂಟಕ್ಕೊಂದು ಹಗ್ಗ ಬಿಗಿದುಕೊಂಡು ಹತ್ತಿ, ಕಪ್ಪುಕಲ್ಲಿನ ಬಿಲ್ಲೆಗಳನ್ನು ಒಂದೊಂದಾಗಿ ಕೂರಿಸಿ, ಅಲ್ಲೇ ಕಾಲು ಇಳಿಬಿಟ್ಟುಕೊಂಡು ಬುತ್ತಿ ತಿಂದು ಇಳಿಯುತ್ತಿದ್ದ. ಕೆಳಗೆ ನಿಂತು ನೋಡಿದರೆ ನಮಗೇ ತಲೆ ತಿರುಗಬೇಕು. ಅಂಥವನನ್ನು ಈ ಊರು ಹೇಡಿ ಎಂದು ಕರೆಯಿತು.

ಊರು ತಲೆಯ ಮೇಲೆ ಹೊತ್ತು ಮೆರೆಸಿದ್ದು ನನ್ನ ಗಂಡನನ್ನು. ಫೋಲ್ಕರ್ ಊಲಿಗ್, ಎರಡು ಸಲ ವಿಶ್ವ ಚಾಂಪಿಯನ್. ಮಂಜುಗಡ್ಡೆಯ ಕಾಲುವೆಯೊಳಗೆ ಉಕ್ಕಿನ ಜಾರುಬಂಡಿಯನ್ನು ರೈಲಿಗಿಂತ ಜೋರಾಗಿ ಇಳಿಸುವ ಆಟದಲ್ಲಿ ಅವನ ಸಮಕ್ಕೆ ಇಡೀ ಜರ್ಮನಿಯಲ್ಲಿ ಯಾರೂ ಇರಲಿಲ್ಲ. ಗಣಿಗಳು ಮುಚ್ಚಿಹೋದ ಮೇಲೆ ನಮ್ಮ ಅದಿರುಬೆಟ್ಟದ ಸೀಮೆಗೆ ಹೆಮ್ಮೆ ಪಡಲು ಉಳಿದದ್ದು ಅವನ ಪದಕಗಳು ಮಾತ್ರ. ಕಸಾಯಿಯವನ ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ಎಲ್ಲಿ ನೋಡಿದರೂ ಅವನ ಚಿತ್ರ. ನಮ್ಮ ಮನೆಯಲ್ಲೂ ಇತ್ತು, ಧೂಳು ಹೊಡೆಯುತ್ತಿದ್ದವಳು ನಾನು.

ಬಂಡಿಯಲ್ಲಿ ಇಬ್ಬರು. ಮುಂದೆ ಕೂತು ದಾರಿ ನೋಡುತ್ತಾ ಎರಡು ಹಗ್ಗ ಹಿಡಿದು ನಡೆಸುವವನು ಸಾರಥಿ. ಹಿಂದಿನವನ ಕೆಲಸ ಬಂಡಿಯನ್ನು ಎತ್ತಿನ ಹಾಗೆ ನೂಕಿ, ಓಡಿ, ಹಾರಿ ಒಳಗೆ ಕೂತು, ತಲೆಯನ್ನು ಮೊಣಕಾಲಿಗೆ ಒತ್ತಿಕೊಳ್ಳುವುದು. ಅಲ್ಲಿಂದಾಚೆ ಅವನಿಗೆ ಕಾಣುವುದು ತನ್ನದೇ ಎರಡು ಬೂಟು. ಬ್ರೇಕಿನ ಹಿಡಿಕೆ ಇರುವುದು ಅವನ ಕೈಯಲ್ಲಿ. ಆದರೆ ಕೊನೆಯ ಗೆರೆ ದಾಟುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅದರ ಹಲ್ಲು ಮಂಜುಗಡ್ಡೆಯನ್ನು ಉತ್ತುಹಾಕುತ್ತದೆ, ಓಟ ಲೆಕ್ಕಕ್ಕೆ ಬರುವುದಿಲ್ಲ, ಮಾನವೂ ಉಳಿಯುವುದಿಲ್ಲ. ಫೋಲ್ಕರನ ಬೆನ್ನ ಹಿಂದೆ ಏಳು ಚಳಿಗಾಲ ಹಾಗೆ ತಲೆ ತಗ್ಗಿಸಿ ಕೂತವನು ಎಕಾರ್ಟ್. ಪತ್ರಿಕೆಯ ಚಿತ್ರಗಳಲ್ಲಿ ಅವನು ಬರೀ ಒಂದು ಹೆಲ್ಮೆಟ್ಟು.

ದೇಶವನ್ನು ಇಬ್ಭಾಗ ಮಾಡಿದ್ದ ಗೋಡೆ ಬಿದ್ದು ಎಂಟು ವರ್ಷ ಕಳೆದ ಚಳಿಗಾಲ ಅದು. ಹಿಂದಿನ ಮಾರ್ಚ್‌ನಲ್ಲಿ ಪರದೇಶದ ಒಂದು ಓಟದಲ್ಲಿ ಬಂಡಿ ಮಗುಚಿ ಫೋಲ್ಕರನ ತಲೆಗೆ ಪೆಟ್ಟಾಗಿತ್ತು. ಆಸ್ಪತ್ರೆಯಿಂದ ನಗುತ್ತಲೇ ಬಂದ. ಆದರೆ ಬೇಸಿಗೆಯಲ್ಲಿ ನನಗೆ ಅನುಮಾನ ಶುರುವಾಯಿತು. ಎಡಗಡೆ ಇಟ್ಟ ಕಾಫಿ ಲೋಟಕ್ಕೆ ಕೈ ತಾಗಿ ಚೆಲ್ಲುವುದು, ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಯುವುದು, ಆಮೇಲೆ ಚೌಕಟ್ಟಿಗೇ ಬೈಯುವುದು.

“ರೀ, ಎಡಗಣ್ಣು ಕಾಣ್ತಿಲ್ವಾ?” ಎಂದು ಕೇಳಿಯೇಬಿಟ್ಟೆ.

“ಡಾಕ್ಟ್ರೇ ಪಾಸ್ ಮಾಡಿದಾರೆ, ನೀನ್ಯಾವ ದೊಡ್ಡ ಡಾಕ್ಟ್ರು?”

ಹೇಗೆ ಪಾಸಾದ ಎಂದು ನನಗೆ ಗೊತ್ತು. ಮೊದಲು ಬಲಗಣ್ಣಿನಲ್ಲಿ ಅಕ್ಷರಗಳನ್ನು ಓದಿ ಬಾಯಿಪಾಠ ಮಾಡಿಕೊಂಡು, ಎಡಗಣ್ಣಿನ ಸರದಿ ಬಂದಾಗ ಗಿಳಿಯ ಹಾಗೆ ಒಪ್ಪಿಸಿದ್ದ. ಕುಡಿದಾಗ ಅವನೇ ಬಾಯಿಬಿಟ್ಟದ್ದು. ಫೆಬ್ರವರಿಯಲ್ಲಿ ಒಲಿಂಪಿಕ್ಸ್. ತಂಡವನ್ನು ಆರಿಸುವ ಓಟ ಡಿಸೆಂಬರ್‌ನಲ್ಲಿ, ನಮ್ಮದೇ ಬೆಟ್ಟದ ಇಳಿಜಾರಿನಲ್ಲಿ. ಅವನ ಬಳಿ ಎಲ್ಲವೂ ಇತ್ತು, ಒಲಿಂಪಿಕ್ ಚಿನ್ನ ಒಂದಿರಲಿಲ್ಲ. ವಯಸ್ಸು ಮೂವತ್ತಾರು ದಾಟಿತ್ತು. ಇನ್ನೊಂದು ಸಲ ಎನ್ನುವ ಮಾತೇ ಇಲ್ಲ.

ತರಬೇತುದಾರನ ಬಳಿ ಹೋಗಿ ಹೇಳಿದೆ. ಅವನು ನನ್ನ ಬೆನ್ನು ತಟ್ಟಿ, “ಓಟ ಹತ್ರ ಬಂದಾಗ ಎಲ್ಲಾ ಹೆಂಡ್ತೀರಿಗೂ ಏನೇನೋ ಕಾಣ್ಸುತ್ತೆ ತಾಯಿ, ಮನೆಗೋಗಿ ಬಿಸಿಬಿಸಿ ಚಹಾ ಕುಡೀರಿ” ಎಂದ. ಆ ತಟ್ಟಿದ ಕೈಯನ್ನು ಮುರಿದು ಹಾಕಬೇಕು ಎನಿಸಿತು.

ಉಳಿದವನು ತಮ್ಮನೊಬ್ಬ. ಓಟದ ಹಿಂದಿನ ದಿನ ಅವನು ಶಾಲೆಯ ಛಾವಣಿಯ ಮೇಲಿದ್ದ. ಕೆಳಗಿನಿಂದ ಕೂಗಿ ಹೇಳುವ ಮಾತೇ ಅದು? ಏಣಿ ಹತ್ತಿದೆ. ಪಾವಟಿಗೆಗಳ ಮೇಲೆ ಹಿಮ ಗಟ್ಟಿಯಾಗಿತ್ತು.

“ಅಯ್ಯೋ ಅಕ್ಕ! ಬಿದ್ದೀಯ, ಇಳಿ ಕೆಳಗೆ!”

“ನೀನು ನಾಳೆ ಬಂಡಿ ಹತ್ತಲ್ಲ ಅಂತ ಹೇಳು, ಇಳೀತೀನಿ.”

ಅವನು ಸುತ್ತಿಗೆ ಕೆಳಗಿಟ್ಟ. ಯಾಕೆ ಎಂದು ಕೇಳಲಿಲ್ಲ. ಅಲ್ಲಿಗೆ ನನಗೆ ತಿಳಿಯಿತು, ಅವನಿಗೂ ಗೊತ್ತು.

“ಯಾವಾಗಿಂದ ಗೊತ್ತೋ ನಿಂಗೆ?”

“ಅಕ್ಟೋಬರಿಂದ. ನಂಗೆ ದಾರಿ ಕಾಣಲ್ಲ ಅಕ್ಕ, ಬೆನ್ನಿಗೆ ಗೊತ್ತಾಗುತ್ತೆ. ಎಡಗಡೆ ಗೋಡೆಗೆ ಉಜ್ಜೋದು ಜಾಸ್ತಿಯಾಗಿದೆ. ಭಾವ ತಡವಾಗಿ ಎಳೀತಾರೆ.”

“ಗೊತ್ತಿದ್ದೂ ಹತ್ತುತೀಯಾ? ಮಂಡೇಲಿ ಮಿದುಳಿದೆಯೋ ಮಣ್ಣಿದೆಯೋ?”

“ನಾನು ಇಳಿದ್ರೆ ಓಟ ನಿಲ್ಲುತ್ತಾ? ಇನ್ನೊಬ್ಬನ್ನ ಕೂರಿಸ್ಕೋತಾರೆ. ಅವನಿಗೆ ಏನೂ ಗೊತ್ತಿರಲ್ಲ. ಅತ್ತೆ ಹತ್ರ ಬಂದಾಗ ಇಬ್ರೂ ಹೋಗ್ತಾರೆ.”

ಅತ್ತೆ ಎಂದರೆ ನಮ್ಮ ಇಳಿಜಾರಿನ ಒಂಬತ್ತನೆಯ ತಿರುವು. ಎಡಕ್ಕೆ ಹೊರಳಿ ಮೇಲಕ್ಕೆದ್ದ ಗೋಡೆ. ಸ್ವಲ್ಪ ತಡವಾಗಿ ಒಳಹೊಕ್ಕರೂ ಎತ್ತಿ ಆಚೆಗೆ ಎಸೆಯುತ್ತದೆ. ಸೊಸೆಯಂದಿರ ಕಷ್ಟ ಬಲ್ಲ ಯಾರೋ ಇಟ್ಟ ಹೆಸರು ಅದು.

“ಹಾಗಾದ್ರೆ ನೀನೇ ಹೇಳು ಅವ್ರಿಗೆ” ಎಂದೆ.

“ಹೇಳಿದೆ. ‘ಹೆದರಿದ್ರೆ ಮನೇಲಿರು’ ಅಂದ್ರು.” ಅವನು ನನ್ನ ಕೈ ಹಿಡಿದು ಏಣಿಯ ಮೇಲೆ ಒಂದೊಂದೇ ಹೆಜ್ಜೆ ಇಳಿಸಿದ. ನೆಲ ಸಿಕ್ಕ ಮೇಲೆ, “ನೀನು ನಾಳೆ ಮನೇಲೇ ಇರಕ್ಕ” ಎಂದ.

ಮನೆಯಲ್ಲಿರುವವಳೇ ನಾನು? ಅತ್ತೆ ತಿರುವಿನ ಬೇಲಿಗೆ ಹೋಗಿ ನಿಂತೆ. ಜನ ಇರುವೆಯ ಹಾಗೆ ಸೇರಿದ್ದರು. ಕೈಯಲ್ಲಿ ಬಿಸಿ ವೈನಿನ ಲೋಟ, ಹೆಗಲ ಮೇಲೆ ಮಕ್ಕಳು, ಗಂಟೆಗಳು, ಕಹಳೆಗಳು. “ಊಲಿಗ್! ಊಲಿಗ್!” ಎಂಬ ಕೂಗು. ಪಕ್ಕದ ಹೆಂಗಸು, “ಪುಣ್ಯವಂತೆ ಕಣ್ರೀ ನೀವು” ಎಂದಳು.

ಮೊದಲ ಇಳಿತದಲ್ಲಿ ಅವರೇ ಮುಂದು. ಬಂಡಿ ನನ್ನೆದುರಿನಿಂದ ಹಾದಾಗ ಎಡಬದಿ ಗೋಡೆಗೆ ಕರ್ರೆಂದು ಉಜ್ಜಿದ ಸದ್ದು ಕೇಳಿತು. ಜನ ಚಪ್ಪಾಳೆ ತಟ್ಟಿದರು, ನನ್ನ ಹಲ್ಲು ಜುಮ್ಮೆಂದಿತು.

ಎರಡನೆಯ ಇಳಿತಕ್ಕೆ ಮೊದಲು ಧ್ವನಿವರ್ಧಕದಲ್ಲಿ ಮೇಲುಗಡೆಯವರು ಕೂಗುವ “ಗ್ಲ್ಯೂಕ್ ಔಫ್!” ಕೇಳಿಸಿತು. ಗಣಿಗೆ ಇಳಿಯುವವನಿಗೆ, ಕ್ಷೇಮವಾಗಿ ಮೇಲೆ ಬಾ ಎಂದು ನಮ್ಮಪ್ಪ, ಅಜ್ಜ ಎಲ್ಲರೂ ಹೇಳುತ್ತಿದ್ದ ಮಾತು. ನಾನೂ ಗಂಟಲೊಳಗೇ ಹೇಳಿದೆ. ಇಬ್ಬರಿಗೂ ಸೇರಿಸಿ ಒಂದೇ ಸಲ ಹೇಳಿದೆನೋ, ಬೇರೆ ಬೇರೆಯಾಗಿ ಹೇಳಿದೆನೋ ನೆನಪಿಲ್ಲ.

ಮರಗಳ ಹಿಂದೆ ಗುಡುಗು ಹುಟ್ಟಿತು. ಹತ್ತಿರವಾಯಿತು. ಐದನೆಯ ತಿರುವಿನಲ್ಲಿ ಒಂದು ಬಡಿತ. ಏಳರಲ್ಲಿ ಇನ್ನೊಂದು, ಮೊದಲಿನದಕ್ಕಿಂತ ಗಟ್ಟಿ. ಆಮೇಲೆ ಈ ಆಟದಲ್ಲಿ ಎಂದೂ ಕೇಳಬಾರದ ಸದ್ದು ಕೇಳಿತು, ಕಬ್ಬಿಣ ಮಂಜುಗಡ್ಡೆಯನ್ನು ಅಗಿಯುವ ಸದ್ದು. ಬಂಡಿ ಕಾಣಿಸಿತು. ಹಿಂದಿನಿಂದ ಬಿಳಿಯ ಪುಡಿ ಕಾರಂಜಿಯಂತೆ ಚಿಮ್ಮುತ್ತಿತ್ತು. ಗೋಡೆ ಹತ್ತಿತು, ಹತ್ತಿತು, ಇನ್ನೇನು ಅಂಚು ಎನ್ನುವಷ್ಟು ಹತ್ತಿತು. ಫೋಲ್ಕರನ ಹೆಲ್ಮೆಟ್ಟು ನನ್ನ ಮುಖದ ಮಟ್ಟಕ್ಕೆ ಬಂದದ್ದನ್ನು ನೋಡಿದೆ. ಜನ ಉಸಿರೆಳೆದುಕೊಂಡರು. ವೇಗ ಸತ್ತಿದ್ದ ಬಂಡಿ ಅಲ್ಲಿ ಒಂದು ಗಳಿಗೆ ತೂಗಾಡಿ, ಜಾರಿ, ಮತ್ತೆ ಕಾಲುವೆಯ ತಳಕ್ಕೆ ಬಿತ್ತು. ಬದುಕಿದ್ದರು.

ಗೆರೆಯ ಹತ್ತಿರ ನಾನು ಓಡಿ ತಲುಪುವಷ್ಟರಲ್ಲಿ ರಂಪ ಶುರುವಾಗಿತ್ತು. ಫೋಲ್ಕರ್ ಹೆಲ್ಮೆಟ್ ಕಿತ್ತೆಸೆದು ತಮ್ಮನ ಕೊರಳಪಟ್ಟಿ ಹಿಡಿದಿದ್ದ.

“ಯಾಕೋ ಎಳೆದೆ? ಯಾಕೋ ಎಳೆದೆ? ಹೇಳೋ!”

ಸುತ್ತ ಮೈಕುಗಳು, ಕ್ಯಾಮೆರಾಗಳು. ಒಂದೇ ಒಂದು ಮಾತು ಸಾಕಿತ್ತು. ಅಣ್ಣಗಳಿರಾ, ಇವರಿಗೆ ಎಡಗಣ್ಣು ಕಾಣುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಎಕಾರ್ಟ್ ನನ್ನನ್ನು ನೋಡಿದ, ಬೇಡವೆಂದು ಸಣ್ಣಗೆ ತಲೆಯಾಡಿಸಿದ. ನನ್ನ ನಾಲಿಗೆ ಅಲ್ಲೇ ನಿಂತಿತು.

“ಹೆದರಿಬಿಟ್ಟೆ ಭಾವ” ಎಂದ. “ಕೈ ತಾನಾಗೇ ಎಳೀತು.”

ಜನ ‘ಥೂ’ ಎಂದರು. ಯಾರೋ ಹಿಮದ ಉಂಡೆ ಎಸೆದರು. ಮಾರನೆಯ ದಿನ ಪತ್ರಿಕೆಗಳಲ್ಲಿ ಚಾಂಪಿಯನ್ನನ ಕನಸು ಮುರಿದ ಹೇಡಿ ಭಾವಮೈದುನ ಎಂದು ಬಂತು. ಒಲಿಂಪಿಕ್ಸಿಗೆ ಬೇರೆ ಬಂಡಿ ಹೋಯಿತು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ನನ್ನ ತಮ್ಮನ ಪಾಡು. ಅವನು ಛಾವಣಿ ಹತ್ತಿದರೆ ಕೆಳಗಿನಿಂದ, “ಜೋಪಾನ ಕಣಪ್ಪೋ, ಅಲ್ಲಿ ಬ್ರೇಕಿಲ್ಲ!” ಎಂದು ಕೂಗುತ್ತಿದ್ದರು. ಇಸ್ಪೀಟಿನ ಮೇಜಿನಲ್ಲಿ ಅವನು ಎಲೆ ಎಸೆಯಲು ತಡಮಾಡಿದರೆ, “ಎಳೆದ್ಬಿಟ್ಟ ನೋಡ್ರೋ!” ಎಂದು ನಗು. ಅವನೂ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

“ಯಾಕೋ ಹಾಗಂದೆ ಅವತ್ತು?” ಎಂದು ಒಂದು ದಿನ ಜಗಳ ತೆಗೆದೆ.

“ಕುರುಡ ಅಂತ ಮೈಕಲ್ಲಿ ಹೇಳಿದ್ರೆ ಭಾವ ಉಳೀತಿದ್ರಾ ಅಕ್ಕ? ಗೆದ್ದ ಪದಕನೆಲ್ಲ ಅನುಮಾನದಿಂದ ನೋಡೋರು. ನಂದೇನು, ಬೆಳಗಾದ್ರೆ ಛಾವಣಿ ಇದ್ದೇ ಇದೆ.”

ಕ್ರಿಸ್‌ಮಸ್‌ನ ಹಿಂದಿನ ಸಂಜೆ ನಮ್ಮಲ್ಲಿ ಒಂಬತ್ತು ಬಗೆಯ ಊಟ. ಬಾತುಕೋಳಿ, ಸಾಸೇಜು, ಹುಳಿ ಎಲೆಕೋಸು, ಕಡುಬು, ತೊಗರಿಯಂಥ ಬೇಳೆ, ನವಣೆಯ ಪಾಯಸ, ಎಲ್ಲಕ್ಕೂ ಮೊದಲು ರೊಟ್ಟಿ ಮತ್ತು ಉಪ್ಪು. ಕೂತ ಮೇಲೆ ಊಟ ಮುಗಿಯುವವರೆಗೆ ಯಾರೂ ಏಳಬಾರದು. ಎದ್ದರೆ ಮುಂದಿನ ವರ್ಷ ಆ ಮೇಜಿಗೆ ಒಬ್ಬರು ಕಡಿಮೆ ಎಂಬ ನಂಬಿಕೆ. ಅಮ್ಮ ಆ ವಿಷಯದಲ್ಲಿ ಯಮನಷ್ಟು ಕಟ್ಟುನಿಟ್ಟು. ಓಟ ಕಳೆದು ಎರಡು ವಾರವಾಗಿತ್ತು, ಫೋಲ್ಕರ್ ತಮ್ಮನೊಡನೆ ಒಂದು ಮಾತೂ ಆಡಿರಲಿಲ್ಲ. ಅಮ್ಮನ ಬಲವಂತಕ್ಕೆ ಒಂದೇ ಮೇಜಿಗೆ ಕೂತಿದ್ದರು. ಎಕಾರ್ಟ್ ಎಂದಿನ ಹಾಗೆ ಅವನ ಎಡಕ್ಕೆ.

ಮೇಣದ ಬತ್ತಿಗಳು ಉರಿಯುತ್ತಿದ್ದವು. ಚಮಚದ ಸದ್ದು ಮಾತ್ರ ಕೇಳುತ್ತಿತ್ತು. ಅಮ್ಮ ಮೇಜಿನ ಆಚೆ ಬದಿಯಿಂದ ರೊಟ್ಟಿಯ ತಟ್ಟೆಯನ್ನು ಫೋಲ್ಕರನ ಎಡಗಡೆಗೆ ಚಾಚಿದಳು. ಅವನು ಮುಂದಕ್ಕೇ ನೋಡುತ್ತಾ ಕೂತಿದ್ದ.

“ಏನ್ ಅಳಿಯಂದ್ರೇ, ನನ್ನ ರೊಟ್ಟಿ ಮೇಲೂ ಮುನಿಸಾ?”

ಎಕಾರ್ಟ್ ತಟ್ಟೆ ಇಸಿದುಕೊಂಡು, ಅವನ ಹಿಂದಿನಿಂದ ಕೈ ನೀಡಿ ಬಲಗಡೆ ಇಟ್ಟ. ಉಪ್ಪಿನ ಬಟ್ಟಲನ್ನೂ ಸರಿಸಿದ. ಚೆಲ್ಲಬಾರದೆಂದು ಎಡಗಡೆಯ ಲೋಟವನ್ನೂ ಎತ್ತಿ ಆಚೆ ಇಟ್ಟ. ಅಕ್ಟೋಬರಿನಿಂದ ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅವನು ಮಾಡುತ್ತಿದ್ದದ್ದು ಅದೇ ಎಂದು ನನಗೆ ಆಗ ಹೊಳೆಯಿತು, ಕೈಗೆ ಅಭ್ಯಾಸವಾಗಿಹೋಗಿತ್ತು. ಫೋಲ್ಕರ್ ಆ ಕೈಯನ್ನು ನೋಡಿದ. ಹಿಮದಲ್ಲಿ ಒಡೆದು ಬಿರುಕು ಬಿಟ್ಟ ಛಾವಣಿಯವನ ಕೈ, ಒಂದಿಷ್ಟೂ ನಡುಗುತ್ತಿರಲಿಲ್ಲ.

ಫೋಲ್ಕರ್ ಎದ್ದು ನಿಂತ.

“ಕೂತ್ಕೊಳ್ಳಿ!” ಅಮ್ಮ ಚೀರಿದಳು. “ಕೂತ್ಕೊಳ್ಳಿ ಅಂದೆ!”

“ನೀನು ಹೆದರಿರ್ಲಿಲ್ಲ” ಎಂದ ಫೋಲ್ಕರ್.

“ಹೆದರಿದ್ದೆ ಭಾವ, ಸುಳ್ಯಾಕೆ. ನೀವು ಕೂತ್ಕೊಳ್ಳಿ, ಅಮ್ಮ ಹೆದರ್ಕೋತಾಳೆ.”

ಫೋಲ್ಕರ್ ಕೂರಲಿಲ್ಲ. ಎರಡು ಸಲ ವಿಶ್ವ ಚಾಂಪಿಯನ್ನಾದ ಆ ಮನುಷ್ಯ ಗೋಡೆಗೆ ಮುಖ ಮಾಡಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಆಗ ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಅರ್ಧ ಇಳಿಯಿತು.

ಹಬ್ಬ ಕಳೆದ ಮೇಲೆ ಅವನು ಊರಿನ ಜಾರುಬಂಡಿ ಕ್ಲಬ್ಬಿನ ಸಭೆಯಲ್ಲಿ ಎಲ್ಲರೆದುರು ನಿಂತು ಹೇಳಿದ: ನನಗೆ ಎಡಗಣ್ಣು ಕಾಣುವುದಿಲ್ಲ, ಮುಚ್ಚಿಟ್ಟಿದ್ದೆ, ಎಕಾರ್ಟ್ ನನ್ನ ಜೀವ ಉಳಿಸಿದ. ಆಮೇಲೆ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಯಾಕೆ ಗೊತ್ತೇ? “ಎಂಥಾ ದೊಡ್ಡ ಮನಸ್ಸು ನೋಡ್ರಪ್ಪಾ! ಭಾವಮೈದುನನ ಮಾನ ಉಳಿಸೋಕೆ ತನ್ನನ್ನೇ ಕುರುಡ ಅಂತಾನೆ!” ಊರ ಬಾಯಿಗೆ ಮುಚ್ಚಳವಿಲ್ಲ, ಕಿವಿಯೂ ಇಲ್ಲ. ಫೋಲ್ಕರನ ಚಿತ್ರ ಇನ್ನೂ ಎರಡು ಅಂಗಡಿಗಳಲ್ಲಿ ಹೆಚ್ಚಾಯಿತು. ಎಕಾರ್ಟ್ ಮಾತ್ರ ಬ್ರೇಕ್ ಎಕಾರ್ಟಾಗಿಯೇ ಉಳಿದ.

ಈಗ ಇಬ್ಬರಿಗೂ ತಲೆ ನೆರೆತಿದೆ. ಫೋಲ್ಕರನ ಬಲಗಣ್ಣೂ ಮಬ್ಬಾಗಿದೆ, ಹಗಲಿನಲ್ಲೂ ಎದುರಿನವರ ಗುರುತು ಹತ್ತುವುದಿಲ್ಲ. ದಿನಾ ಬೆಳಿಗ್ಗೆ ಎಕಾರ್ಟ್ ಬಂದು ಅವನನ್ನು ಬೆಟ್ಟದ ದಾರಿಯಲ್ಲಿ ತಿರುಗಾಡಲು ಕರೆದೊಯ್ಯುತ್ತಾನೆ, ಯಾವಾಗಲೂ ಅವನ ಎಡಕ್ಕೆ ನಡೆಯುತ್ತಾನೆ. ಮೊನ್ನೆ ನಾನೂ ಹಿಂದೆ ಹೋಗಿದ್ದೆ. ಅತ್ತೆ ತಿರುವಿನ ಪಕ್ಕದ ಕಾಲುದಾರಿ ಹೆಪ್ಪುಗಟ್ಟಿ ಕನ್ನಡಿಯಾಗಿತ್ತು. ಫೋಲ್ಕರ್ ಹಳೆಯ ಗತ್ತಿನಲ್ಲಿ ಬಿರಬಿರನೆ ಇಳಿಯತೊಡಗಿದ. ಎಕಾರ್ಟ್ ಅವನ ಕೋಟಿನ ತೋಳು ಹಿಡಿದು ಜಗ್ಗಿದ.

“ಎಳೀಬೇಡ ಕಣೋ!” ಫೋಲ್ಕರ್ ಗದರಿದ. “ಗೆರೆ ಇನ್ನೂ ಬಂದಿಲ್ಲ.”

“ನಿಮಗೆ ಗೆರೆ ಕಾಣುತ್ತಾ ಭಾವ?”

ಫೋಲ್ಕರ್ ಹೆಜ್ಜೆ ನಿಲ್ಲಿಸಿದ. ಆಮೇಲೆ ಎಡಗೈ ಚಾಚಿ, ತಡಕಾಡಿ, ನನ್ನ ತಮ್ಮನ ಭುಜ ಸಿಕ್ಕ ಮೇಲೆ ಗಟ್ಟಿಯಾಗಿ ಹಿಡಿದುಕೊಂಡ.

“ಇಲ್ಲ” ಎಂದ. “ಎಳಿ.”