ಓದದೆ ಬಿಟ್ಟ ಎರಡನೇ ಸಾಲು

2022ರ ಮಾರ್ಚಿನಲ್ಲಿ ನಾನು ಕಲಘಟಗಿಯ ಒಂದು ಖಾಸಗಿ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಸೂಜಿ ಹಿಡಿದು ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ಸಣ್ಣಪುಟ್ಟ ತಪಾಸಣೆಗಳನ್ನು ನಾವೇ ಮಾಡುತ್ತಿದ್ದೆವು. ದೊಡ್ಡವುಗಳ ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದರೆ ಮೂರನೆಯ ದಿನ ರಿಪೋರ್ಟ್ ಬರುತ್ತಿತ್ತು. ಅದನ್ನು ಪ್ರಿಂಟ್ ತೆಗೆದು ಕೊಡುವುದಷ್ಟೇ ನನ್ನ ಕೆಲಸ. ಆದರೆ ನಮ್ಮ ಕಡೆಯ ಜನ ಕಾಗದ ಇಸಿದುಕೊಂಡು ಸುಮ್ಮನೆ ಹೋಗುವವರಲ್ಲ. "ಚಲೋ ಐತೇನ್ರಿ?" ಎಂದು ಕೇಳಿ, ಉತ್ತರ ಸಿಗುವ ತನಕ ಕೌಂಟರ್ ಬಿಟ್ಟು ಕದಲುವುದಿಲ್ಲ. ನಾನೂ ಹೇಳುತ್ತಿದ್ದೆ. ಡಾಕ್ಟರು ಮೂರು ತಾಸು ಕಾಯಿಸಿ ಹೇಳುವುದನ್ನು ನಾನು ನಿಂತ ಕಾಲ ಮೇಲೆ ಹೇಳುತ್ತೇನೆ ಎಂಬ ಹಮ್ಮು ನನಗಿತ್ತು.

ಆ ತಿಂಗಳು ದುಮ್ಮವಾಡದಿಂದ ಜೈತುನಬಿ ಬಂದರು. ವಯಸ್ಸು ಐವತ್ತೆಂಟು, ಹೊಲಿಗೆ ಕೆಲಸ. ಸುತ್ತಲಿನ ಹೆಣ್ಣುಮಕ್ಕಳ ಕುಪ್ಪಸಗಳೆಲ್ಲ ಅವರ ಕೈಯಿಂದಲೇ ಹೋಗುತ್ತಿದ್ದವು. ಹಿಂದಿನ ವರ್ಷ ಥೈರಾಯ್ಡ್ ಕ್ಯಾನ್ಸರ್ ಆಗಿ, ಹುಬ್ಬಳ್ಳಿಯಲ್ಲಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ಆರು ತಿಂಗಳಿಗೊಮ್ಮೆ ರಕ್ತ ತಪಾಸಣೆ ಮಾಡಿಸಿ, ರಿಪೋರ್ಟ್ ತೆಗೆದುಕೊಂಡು ಬರಬೇಕೆಂದು ಅಲ್ಲಿಯ ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದರು.

ತಪಾಸಣೆಯ ಹೆಸರು ಥೈರೊಗ್ಲೋಬ್ಯುಲಿನ್. ಥೈರಾಯ್ಡಿನ ಜೀವಕೋಶಗಳು ಮಾತ್ರ ತಯಾರಿಸುವ ಪ್ರೋಟೀನ್ ಅದು. ಗ್ರಂಥಿಯೇ ಇಲ್ಲವಾದ ಮೇಲೆ ರಕ್ತದಲ್ಲಿ ಅದು ಹೆಚ್ಚುಕಡಿಮೆ ಸಿಗಬಾರದು. ಏರತೊಡಗಿದರೆ ರೋಗ ಮತ್ತೆ ತಲೆಯೆತ್ತಿರಬಹುದು ಎಂದು ಡಾಕ್ಟರರು ಹುಡುಕಲು ಶುರು ಮಾಡುತ್ತಾರೆ. ಇದರ ಕೆಳಗೇ ಇನ್ನೊಂದು ಸಾಲಿರುತ್ತದೆ. ಕೆಲವರ ದೇಹ ಆ ಪ್ರೋಟೀನಿನ ವಿರುದ್ಧವೇ ಆ್ಯಂಟಿಬಾಡಿ ತಯಾರಿಸುತ್ತದೆ. ಅವು ಅಂಟಿಕೊಂಡರೆ ಪ್ರೋಟೀನ್ ಯಂತ್ರಕ್ಕೆ ಕಾಣುವುದಿಲ್ಲ, ಇದ್ದರೂ ಇಲ್ಲವೆಂದೇ ತೋರುತ್ತದೆ. ಆಗ ಮೊದಲ ಸಾಲನ್ನು ನಂಬುವಂತಿಲ್ಲ. ಎರಡನೇ ಸಾಲು ಏರುತ್ತಿದೆಯೇ ಎಂದು ನೋಡಬೇಕು.

ಜೈತುನಬಿಯವರ ಮೊದಲ ಸಾಲಿನಲ್ಲಿ 0.1ಕ್ಕಿಂತ ಕಡಿಮೆ ಎಂದಿತ್ತು. ರಮಜಾನ್ ಹತ್ತಿರ ಬಂದಿತ್ತು, ಅವರ ಮನೆಯಲ್ಲಿ ಹೊಲಿಯುವ ಬಟ್ಟೆ ಗುಡ್ಡೆ ಬಿದ್ದಿತ್ತು.

"ಅಕ್ಕಾರ, ಚಲೋ ಐತೇನ್ರಿ?"

"ಅಗದಿ ಚಲೋ ಐತ್ರಿ. ಹೊಲಿಗಿ ಬಿಟ್ಟು ಹುಬ್ಬಳ್ಳಿಗೆ ಯಾಕ ಓಡಾಡ್ತೀರಿ? ಆರ್ ತಿಂಗಳ ಬಿಟ್ಟು ಮತ್ತ ಇಲ್ಲೇ ರಕ್ತ ಕೊಡ್ರಿ, ಸಾಕು."

ಈ ಮಾತನ್ನು ಕನಿಕರದಿಂದಲೇ ಆಡಿದೆ. ಅವರು ಡಾಕ್ಟರ ಕಡೆ ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಬಂದರು, ಮೊದಲ ಸಾಲು ಅಷ್ಟೇ ಇತ್ತು. ಖುಷಿಯಾಗಿ ಎದುರಿನ ಅಂಗಡಿಯಿಂದ ಸಕ್ಕರೆ ತಂದು, ಬೆಂಚಿನ ಮೇಲೆ ಕುಳಿತವರ ಕೈಗೆಲ್ಲ ಚಿಟಿಕೆ ಚಿಟಿಕೆ ಹಾಕಿದರು. ನನ್ನ ಕೈಗೆ ಮಾತ್ರ ಒಂದು ಹಿಡಿ. 2023ರ ಮಾರ್ಚಿನಲ್ಲಿ ಮೂರನೇ ಸಲ ಬಂದಾಗಲೂ ನನ್ನ ಬಾಯಿಂದ ಅದೇ ಮಾತು ಬಂತು.

ನಾಲ್ಕನೇ ಸಲ, ಆ ವರ್ಷದ ಸೆಪ್ಟೆಂಬರಿನಲ್ಲಿ, ಅವರ ದನಿ ಬಿದ್ದುಹೋಗಿತ್ತು. ಶೀತವಾಗಿದೆ ಎಂದರು. ರಕ್ತ ತೆಗೆಯುವಾಗ ಕುತ್ತಿಗೆಯ ಬದಿಯಲ್ಲಿ ಗಂಟು ಕಂಡಿತು. ಅವರನ್ನು ಕೂರಿಸಿ, ಕಂಪ್ಯೂಟರಿನಲ್ಲಿ ಹಳೆಯ ಮೂರೂ ರಿಪೋರ್ಟುಗಳನ್ನು ಒಟ್ಟಿಗೆ ತೆಗೆದೆ. ಎರಡನೇ ಸಾಲಿನಲ್ಲಿ ಮೊದಲು 48, ಆಮೇಲೆ 130, ಆಮೇಲೆ 390. ಅದರ ಅರ್ಥ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ಗೊತ್ತಿತ್ತು. ಮೊದಲ ಸಾಲು ಚೆನ್ನಾಗಿದ್ದುದರಿಂದ ಕಣ್ಣು ಕೆಳಗಿಳಿಯಲಿಲ್ಲ, ಅಷ್ಟೇ.

ಅಂದೇ ಅವರನ್ನು ಹುಬ್ಬಳ್ಳಿಯ ಡಾಕ್ಟರ ಕಡೆ ಕಳಿಸಿದೆ. ರೋಗ ಕುತ್ತಿಗೆಯಿಂದ ಶ್ವಾಸಕೋಶಕ್ಕೆ ಇಳಿದಿತ್ತು, ಇನ್ನು ಗುಣವಾಗದು ಎಂದರಂತೆ. ಈ ಕ್ಯಾನ್ಸರ್ ಬಂದವರಲ್ಲಿ ಬಹಳಷ್ಟು ಜನ ಬದುಕಿ ಬಾಳುತ್ತಾರೆ ಎಂಬುದು ನನ್ನ ಸಂಕಟವನ್ನು ಇನ್ನಷ್ಟು ಹೆಚ್ಚಿಸಿತು. ಡಾಕ್ಟರಿಗೆ ಫೋನ್ ಮಾಡಿ, ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ. ಖಾತ್ರಿಯಾಗಿ ಹೇಳಲಾರೆ, ಆದರೆ ಮಾಡಲು ಏನಾದರೂ ಇರುತ್ತಿತ್ತು ಎಂದರು.

ಒಂದು ಭಾನುವಾರ ದುಮ್ಮವಾಡಕ್ಕೆ ಹೋದೆ. ಜೈತುನಬಿ ಮಷೀನಿನ ಬಾಜು ಚಾಪೆಯ ಮೇಲೆ ಕುಳಿತು ಗುಂಡಿ ಹಚ್ಚುತ್ತಿದ್ದರು. ಗಂಡ ದಸ್ತಗೀರಸಾಬರು ಚಹಾ ತಂದುಕೊಟ್ಟರು. ಅದನ್ನು ಕುಡಿಯುವ ಮೊದಲೇ ಹೇಳಿಬಿಟ್ಟೆ.

"ತಪ್ಪು ನಂದೈತ್ರಿ. ರಿಪೋರ್ಟಿನಾಗ ಎರಡನೇ ಸಾಲು ಕೆಟ್ಟಿತ್ತು, ನಾ ನೋಡಲಿಲ್ಲ. ಡಾಕ್ಟರ್ ಕಡೆ ಹೋಗಬ್ಯಾಡ್ರಿ ಅಂದಾಕಿನೂ ನಾನ."

ದಸ್ತಗೀರಸಾಬರು ಎದ್ದು ಹೊರಗೆ ಹೋದರು. ಜೈತುನಬಿ ದಾರವನ್ನು ಹಲ್ಲಿನಿಂದ ಕಡಿದು, ಇದ್ದಷ್ಟು ದನಿಯಲ್ಲಿ ಹೇಳಿದರು:

"ಒಂದೂವರಿ ವರ್ಸ ನಿಮ್ಮ ಮಾತಿನ ಮ್ಯಾಲ ಅರಾಮ ನಿದ್ದಿ ಮಾಡೀನ್ರಿ, ಅಕ್ಕಾರ. ಅದನ್ನೇನ ವಾಪಸ್ ಇಸ್ಕೋತೀರೇನು?"

ನಗಲು ನೋಡಿದರು, ಕೆಮ್ಮು ಬಂತು. ನಾನು ಅತ್ತುಬಿಟ್ಟೆ. ಅವರೇ ನನ್ನ ಬೆನ್ನು ಸವರಿದರು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. 2024ರ ಜೂನಿನಲ್ಲಿ ಅವರು ತೀರಿಕೊಂಡರು.

ಅಂದಿನಿಂದ ಕೌಂಟರಿನಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದೆ. ಜನ ಸಿಟ್ಟಾದರು, ಲ್ಯಾಬಿನ ಅಕ್ಕನಿಗೆ ಸೊಕ್ಕು ಬಂದಿದೆ ಎಂದರು. ಅಂದುಕೊಳ್ಳಲಿ. ರೋಗಿಗೆ ಸಮಾಧಾನ ಹೇಳುವುದು ಒಳ್ಳೆಯದೇ. ಆದರೆ ಪೂರ್ತಿ ಓದದೆ ಹೇಳಿದ ಸಮಾಧಾನ ಅವರಿಗೆ ಎಷ್ಟು ದುಬಾರಿ ಬೀಳುತ್ತದೆ ಎಂಬುದನ್ನು ನನ್ನ ವೃತ್ತಿ ಕಟ್ಟಕಡೆಗೆ ಕಲಿಸಿತು.

ನಾನು ನಿವೃತ್ತಳಾಗುವ ವಾರ ದಸ್ತಗೀರಸಾಬರು ಸಕ್ಕರೆ ಕಾಯಿಲೆಯ ತಪಾಸಣೆಗೆ ಬಂದರು. ನಮ್ಮ ಲ್ಯಾಬಿಗೆ ಮತ್ತೆ ಬಂದಾರೆಂದು ನಾನು ಅಂದುಕೊಂಡಿರಲಿಲ್ಲ. ತೋಳು ಚಾಚಿದರು, ರಕ್ತ ತೆಗೆದೆ. ಸಂಜೆ ರಿಪೋರ್ಟ್ ಕೊಟ್ಟಾಗ ಅದನ್ನು ಹಿಡಿದುಕೊಂಡು ಅಲ್ಲೇ ನಿಂತರು.

"ಏನೂ ಹೇಳಂಗಿಲ್ಲೇನ್ರಿ?"

"ಇಲ್ರಿ. ಡಾಕ್ಟರಿಗೆ ತೋರಸ್ರಿ, ಅವರು ಹೇಳ್ತಾರ."

ಅವರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

"ಅಕಿಗೂ ಹಿಂಗ ಅಂದಿದ್ರ ಆಗತಿತ್ತಲ್ರಿ," ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.